ಅದೇ ಒಗ್ಗರಣೆ, ನನಗೊಬ್ಬಳಿಗೇ ಯಾಕೆ ಕೆಮ್ಮು?

ಓದುಗರ ಪ್ರಶ್ನೆ, ವಿಜಯಪುರದ ಡಾಕ್ಟರ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಮಹಾಲಿಂಗಪುರದ ಹತ್ತಿರ ಶಾಲೆಯಲ್ಲಿ ಟೀಚರ್. ಬೆಲ್ಲದ ಗಾಣಗಳು ಶುರುವಾದರೆ ಸಾಕು, ನಸುಕಿನ ಮೂರು ಗಂಟೆಗೆ ಎದೆ ಸುಂಯ್ ಅನ್ನುತ್ತದೆ. ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಮನೆಯವರು ಎರಡು ಸಲ ಸೀನಿ ಸುಮ್ಮನಾಗುತ್ತಾರೆ, ನಾನು ಅರ್ಧ ತಾಸು ಕೆಮ್ಮುತ್ತೇನೆ. ಎಕ್ಸ್‌ರೇ ಸರಿ ಇದೆ. ಆಸ್ತಮಾ ಅಂತ ಎರಡು ಪಂಪ್ ಕೊಟ್ಟಿದ್ದಾರೆ. ನೀಲಿ ಪಂಪಿನಿಂದ ಹತ್ತು ನಿಮಿಷದಲ್ಲಿ ಆರಾಮ. ಇನ್ನೊಂದರಲ್ಲಿ ಸ್ಟೀರಾಯ್ಡ್ ಇದೆಯಂತೆ. ಎಂಟು ದಿನ ತೊಗೊಂಡೆ, ಏನೂ ಅನಿಸಲಿಲ್ಲ, ಬಿಟ್ಟೆ. ಸರಿ ಮಾಡಿದೆನಾ?

ಉತ್ತರ: ಇಲ್ಲ ಅಕ್ಕಾವ್ರೇ. ಬಿಡಬಾರದ ಪಂಪನ್ನೇ ಬಿಟ್ಟಿದ್ದೀರಿ.

ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿ ನೆನಪಿಸಿಕೊಳ್ಳಿ. ಬೇರೆ ದಿನ ಬರಿಗಾಲಲ್ಲಿ ಹೊಲ ತಿರುಗುವ ಕಾಲು, ಅವತ್ತು ಸೀರೆ ಅಂಚು ತಾಗಿದರೂ ಚುರ್ ಅನ್ನುತ್ತದೆ. ನಿಮ್ಮ ಶ್ವಾಸನಾಳದ ಒಳಪದರ ಹಾಗಾಗಿದೆ. ಅಲ್ಲಿ ಸಣ್ಣಗೆ ಬಾವು ಇದ್ದೇ ಇರುತ್ತದೆ. ಇಯೊಸಿನೋಫಿಲ್ ಎಂಬ ಬಿಳಿ ರಕ್ತಕಣಗಳು, ಅಲರ್ಜಿ ಕೆರಳಿಸುವ ಮಾಸ್ಟ್ ಕಣಗಳು ಬಂದು ಠಿಕಾಣಿ ಹೂಡಿರುತ್ತವೆ. ಪದರ ಊದುತ್ತದೆ, ಅಂಟು ಕಫ ಜಾಸ್ತಿಯಾಗುತ್ತದೆ, ನಾಳದ ಸುತ್ತಲಿನ ಸ್ನಾಯು ಸಣ್ಣ ನೆಪ ಸಿಕ್ಕರೂ ಬಿಗಿಯುತ್ತದೆ. ಘಾಟು, ಗಾಣದ ಹೊಗೆ, ಚಳಿಗಾಳಿ, ಜೋರು ನಗು, ಯಾವುದಾದರೂ ನಡೆಯುತ್ತದೆ. ನೆಗಡಿಯಾದರಂತೂ ಈ ಕೆರಳುವಿಕೆ ವಾರಗಟ್ಟಲೆ ಏರಿರುತ್ತದೆ.

ಎಕ್ಸ್‌ರೇಯಲ್ಲಿ ಇದು ಕಾಣುವುದಿಲ್ಲ. ಆರಾಮಿದ್ದ ದಿನ ಊದಿಸಿ ನೋಡುವ ಸ್ಪೈರೋಮೆಟ್ರಿಯೂ ಸರಿಯಾಗಿಯೇ ಬರಬಹುದು. ಅನುಮಾನ ಉಳಿದರೆ ದೊಡ್ಡ ಆಸ್ಪತ್ರೆಗಳಲ್ಲಿ ಮೆಥಾಕೋಲಿನ್ ಪರೀಕ್ಷೆ ಮಾಡುತ್ತಾರೆ. ಆ ಔಷಧವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಉಸಿರಿನಲ್ಲಿ ಕೊಡುತ್ತಾರೆ. ಮೊದಲ ಸೆಕೆಂಡಿನಲ್ಲಿ ಊದುವ ಗಾಳಿ ಶೇ. 20 ಇಳಿಯಲು ಎಷ್ಟು ಔಷಧ ಬೇಕಾಯಿತು ಅಂತ ನೋಡುತ್ತಾರೆ. ಕೆರಳುವ ನಾಳ ಚೂರು ಔಷಧಕ್ಕೇ ಬಿಗಿಯುತ್ತದೆ. ನಿಮ್ಮ ಅಡುಗೆಮನೆಯಲ್ಲಿ ನಡೆಯುವ ಪರೀಕ್ಷೆಯೂ ಇದೇ, ಅಲ್ವಾ?

ನೀಲಿ ಪಂಪಿನಲ್ಲಿ ಸಾಮಾನ್ಯವಾಗಿ ಸಾಲ್ಬುಟಮಾಲ್ ಇರುತ್ತದೆ. ಅದು ಸ್ನಾಯುವನ್ನು 4ರಿಂದ 6 ತಾಸು ಸಡಿಲಿಸುತ್ತದೆ, ಬಾವನ್ನು ಮುಟ್ಟುವುದಿಲ್ಲ. ಬಾವು ಇಳಿಸುವುದು ನೀವು ಬಿಟ್ಟ ಪಂಪು. ಅದಕ್ಕೆ ವಾರಗಳು ಬೇಕು. ಕೆರಳುವಿಕೆ ತಗ್ಗಲು ತಿಂಗಳುಗಳೇ ಹಿಡಿಯಬಹುದು. ಸುಮ್ನೆ ನೀಲಿ ಪಂಪೊಂದನ್ನೇ ನೆಚ್ಚಿಕೊಳ್ಳಬೇಡಿ ಅಂತ ಗಿನಾ ಎಂಬ ಜಾಗತಿಕ ಮಾರ್ಗಸೂಚಿ 2019ರಲ್ಲೇ ಹೇಳಿದೆ.

ಸ್ಟೀರಾಯ್ಡ್ ಭಯ ನನಗೆ ಅರ್ಥವಾಗುತ್ತದೆ. ಬುಡೆಸೊನೈಡ್ ಪಂಪಿನ ಒಂದು ಪಫ್ 200 ಮೈಕ್ರೋಗ್ರಾಂ ಅಂದುಕೊಳ್ಳಿ. ಐದು ಪಫ್ ಸೇರಿದರೆ 1 ಮಿಲಿಗ್ರಾಂ. ನುಂಗುವ ಸ್ಟೀರಾಯ್ಡ್ ಮಾತ್ರೆ 5, 10 ಮಿಲಿಗ್ರಾಂ ಇರುತ್ತದೆ. ಔಷಧ ಬೇರೆ ಬೇರೆ, ನೇರ ಹೋಲಿಕೆಯಲ್ಲ. ಆದರೂ ಅಂದಾಜು ಸಿಗುತ್ತದೆ. ಪಫ್ ಆದಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ಬಾಯಲ್ಲಿ ಬೂಷ್ಟಿನ ಸೋಂಕಾಗಬಹುದು.

ನಿಮಗೆ ಬೈಯುವ ಯೋಗ್ಯತೆ ನನಗೂ ಇಲ್ಲ. ಬನಹಟ್ಟಿಯ ಮಗ್ಗದ ಮನೆಯಲ್ಲಿ ಬೆಳೆದ ನನಗೂ ದಮ್ಮು ಇದೆ. ಎಂಬಿಬಿಎಸ್ ಮುಗಿದ ಹೊಸದರಲ್ಲಿ ಮೂರು ತಿಂಗಳು ಆರಾಮಿದ್ದೆ ಅಂತ ಪಂಪ್ ಬಿಟ್ಟೆ. ಡಾಕ್ಟರಾಗಿಯೂ! ಡೋಣಿ ನದಿ ಸಾಲಿನಲ್ಲಿ ಮಾವನ ಹೊಲದ ಜೋಳದ ರಾಶಿಗೆ ಹೋದೆ. ಮಷಿನ್ ಶುರುವಾಗಿ ಹತ್ತು ನಿಮಿಷಕ್ಕೆ ಎರಡು ಶಬ್ದ ಆಡಿ ನಿಲ್ಲುವಂತಾಯಿತು. ಮಾವ ಬೈಕಿನ ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದರು. ಮಾತು ಹಾಗೆ ತುಂಡಾದರೆ, ನೀಲಿ ಪಂಪ್ ಹೊಡೆದರೂ ನಿಲ್ಲದಿದ್ದರೆ ನೀವೂ ಕಾಯಬೇಡಿ.

ಪಂಪ್ ಬರೆದುಕೊಟ್ಟ ಡಾಕ್ಟರ ಹತ್ತಿರ ಮತ್ತೆ ಹೋಗಿ. ಅವರೆದುರೇ ಒಂದು ಪಫ್ ತೊಗೊಂಡು ತೋರಿಸಿ. ಎಳೆಯುವ ರೀತಿ ತಪ್ಪಿದ್ದರೆ ಔಷಧವೆಲ್ಲ ಗಂಟಲಲ್ಲೇ ಕೂರುತ್ತದೆ.

ಪ್ರಶ್ನೆ: ದಮ್ಮಿಗೆ ಮೊಸರು, ಬಾಳೆಹಣ್ಣು ಬಿಡಬೇಕಾ? (ಇಂಡಿಯಿಂದ ಒಬ್ಬರು)

ಉತ್ತರ: ತಿಂದಾಗಲೆಲ್ಲ ನಿಮಗೆ ತೊಂದರೆಯಾದರೆ ಬಿಡಿ, ಇಲ್ಲವಾದರೆ ಉಣ್ಣಿ. ದಿನಕ್ಕೊಂದು ಕಟ್ಟು ಬೀಡಿ ಅಂತ ಪತ್ರದ ಕೊನೆಗೆ ಸಣ್ಣಕ್ಷರದಲ್ಲಿ ಬರೆದಿದ್ದೀರಲ್ಲ, ಅದನ್ನು ಮೊದಲು ಬಿಡಿ. ಬೀಡಿ ಸೇದುವವರಲ್ಲಿ ಪಂಪಿನ ಸ್ಟೀರಾಯ್ಡ್ ಸರಿಯಾಗಿ ಕೆಲಸ ಮಾಡುವುದಿಲ್ಲ.