ರಬ್ಬರ್ ಸೂಟು ಕಂಡಿತು, ಸರಿ. ಮತ್ತೇನು ಕಂಡಿತು?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ 1954ರ ಜಪಾನಿ ಸಿನಿಮಾ ಗಾಡ್‌ಜಿಲ್ಲಾವನ್ನು ಬಾಯ್ತುಂಬ ಹೊಗಳಿದ್ದಿರಿ. ಅದನ್ನು ನಂಬಿ ಮನೆಮಂದಿಯೆಲ್ಲ ಕೂತು ನೋಡಿದೆವು. ರಬ್ಬರ್ ಸೂಟು ಹಾಕಿಕೊಂಡ ಮನುಷ್ಯ ಆಟಿಕೆ ಊರನ್ನು ತುಳಿಯುತ್ತಾನೆ, ಅಷ್ಟೇ. ಅದೂ ಬರುವುದು ತೀರಾ ತಡ. ನನ್ನ ತಮ್ಮ ನಕ್ಕ. ಅಪ್ಪ ನಿದ್ದೆ ಹೋದರು. ಹಳೆಯದು, ಕಪ್ಪುಬಿಳುಪು, ಜೊತೆಗೆ ಅಣುಬಾಂಬಿನ ಮಾತು ಬೇರೆ. ಅದಕ್ಕೇ ಹೊಗಳುತ್ತಾರೇನೋ ಅನ್ನಿಸಿತು. ಸಿನಿಮಾ ನಿಜಕ್ಕೂ ಚೆನ್ನಾಗಿದೆಯಾ, ಇಲ್ಲಾ ಚೆನ್ನಾಗಿದೆ ಅನ್ನಲೇಬೇಕಾ?"
— ಓದುಗರೊಬ್ಬರು, ದಾವಣಗೆರೆ

ಮಾನ್ಯರೇ,

ಅನ್ನಲೇಬೇಕು ಅಂತೇನಿಲ್ಲ. ನಿಮ್ಮ ತಮ್ಮ ನಕ್ಕಿದ್ದರಲ್ಲಿ ತಪ್ಪೂ ಇಲ್ಲ. ಬಾಂಬ್ ಪರೀಕ್ಷೆಯಿಂದ ಸಮುದ್ರದಾಳ ಬಿಟ್ಟು ಎದ್ದು ಬಂದ ಅಷ್ಟು ದೊಡ್ಡ ಪ್ರಾಣಿ ಕಣ್ಣೆದುರು ನಿಂತಿದ್ದರೂ ವಿಮಾನ ಬಿಟ್ಟ ರಾಕೆಟ್ಟುಗಳು ಪಕ್ಕದಲ್ಲೇ ಹಾರಿಹೋಗುತ್ತವೆ. ಅದನ್ನು ನೋಡಿದರೆ ನನಗೂ ನಗು ಬರುತ್ತದೆ. ಓಡೊ ದ್ವೀಪದ ಗುಡ್ಡದ ಹಿಂದಿನಿಂದ ಮೊದಲ ಸಲ ತಲೆ ಎತ್ತಿದಾಗ ಅದು ಗೊಂಬೆಯ ತಲೆ ಅಂತ ಗೊತ್ತಾಗಿಬಿಡುತ್ತದೆ. ಇನ್ನು ವಿಜ್ಞಾನಿ ಯಮಾನೆ ಸಂಸತ್ತಿನಲ್ಲಿ ಗಂಭೀರವಾಗಿ ನಿಂತು, ಜುರಾಸಿಕ್ ಕಾಲ 20 ಲಕ್ಷ ವರ್ಷ ಹಿಂದಿನದು ಅನ್ನುತ್ತಾರೆ. ಅದು ಮುಗಿದೇ 14 ಕೋಟಿ ವರ್ಷಕ್ಕಿಂತ ಜಾಸ್ತಿ ಆಯಿತು! ಇದನ್ನೆಲ್ಲ ನಾನು ಸಮರ್ಥಿಸಲು ಹೋಗುವುದಿಲ್ಲ.

ಆ ಲೇಖನಕ್ಕೆ ಬಂದ ಪತ್ರಗಳಲ್ಲಿ ನಿಮ್ಮದೊಂದೇ ಹೀಗಿಲ್ಲ. ಕಾಲೇಜು ಹುಡುಗರೊಬ್ಬರು 'ಯುದ್ಧ ಬೇಡ ಅನ್ನುವ ಭಾಷಣಕ್ಕೆ ಬಾಲ ಅಂಟಿಸಿದ್ದಾರೆ' ಎಂದು ಬರೆದಿದ್ದಾರೆ. ನಿವೃತ್ತ ನರ್ಸ್ ಒಬ್ಬರು ಮಾತ್ರ ಪ್ರಾಣಿಯ ಸುದ್ದಿಯನ್ನೇ ಎತ್ತಿಲ್ಲ. ಆಸ್ಪತ್ರೆಯ ದೃಶ್ಯದ ಬಗ್ಗೆ ಎರಡು ಪುಟ ಬರೆದಿದ್ದಾರೆ. ಒಂದೇ ಸಿನಿಮಾದ ಬಗ್ಗೆ ಇಷ್ಟು ದೂರದ ಅಭಿಪ್ರಾಯಗಳು ಯಾಕೆ ಅಂತ ನೋಡಲು ಹೊರಟರೆ ನಿಮ್ಮ ಪ್ರಶ್ನೆಗೂ ಉತ್ತರ ಸಿಗಬಹುದು.

ಮೊದಲು ಒಂದು ಮಾತು ಕೇಳುತ್ತೇನೆ. ನೀವು ನೋಡಿದ್ದು ಯಾವುದು? ಸ್ಟೀವ್ ಮಾರ್ಟಿನ್ ಅನ್ನುವ ಅಮೆರಿಕನ್ ವರದಿಗಾರ ಕಥೆ ಹೇಳುತ್ತಾ ಹೋಗಿದ್ದರೆ ಅದು ನಾವು ಬರೆದ ಸಿನಿಮಾ ಅಲ್ಲ. ಮೂಲ ಚಿತ್ರ 96 ನಿಮಿಷದ್ದು. ತೊಹೊ ಕಂಪನಿಯದು, ನಿರ್ದೇಶಕ ಇಶಿರೊ ಹೊಂಡಾ. ಅಮೆರಿಕದವರು ಅದನ್ನು ಕೊಂಡು, ಕತ್ತರಿಸಿ, ರೇಮಂಡ್ ಬರ್ ಅನ್ನುವ ನಟನ ದೃಶ್ಯಗಳನ್ನು ತಮ್ಮಲ್ಲೇ ಚಿತ್ರೀಕರಿಸಿ ಸೇರಿಸಿದರು. 1956ರಲ್ಲಿ 80 ನಿಮಿಷದ ಬೇರೆಯೇ ಒಂದು ಸಿನಿಮಾ ಹೊರಬಂತು. ಮೂಲ ನಟರು ಅಲ್ಲಿ ಇರಲಿಲ್ಲವಲ್ಲ, ಹಾಗಾಗಿ ಅವರಂತೆ ಬಟ್ಟೆ ಹಾಕಿ ನಿಂತವರ ಬೆನ್ನಿನ ಜೊತೆ ಬರ್ ಮಾತಾಡುತ್ತಾರೆ. ನಗಬೇಕಾದ್ದು ಇದಕ್ಕೆ!

ಕತ್ತರಿ ಬಿದ್ದದ್ದು ಎಲ್ಲಿಗೆ ಅನ್ನುವುದು ಮುಖ್ಯ. ಮೂಲದಲ್ಲಿ ರೈಲಿನಲ್ಲಿ ಹೋಗುವ ಒಬ್ಬ ಹೆಂಗಸು ಬೇಸರದಿಂದ ಮಾತಾಡುತ್ತಾಳೆ. ವಿಷದ ಮೀನು ಆಯಿತು, ವಿಕಿರಣದ ಮಳೆ ಆಯಿತು, ಈಗ ಇದೊಂದು ಬೇರೆ. ನಾಗಸಾಕಿಯಲ್ಲಿ ಉಳಿದುಕೊಂಡು ಬಂದ ಜೀವ ಇದು, ಎನ್ನುತ್ತಾಳೆ. ಬಸ್ಸಿನಲ್ಲಿ ಈರುಳ್ಳಿ ರೇಟಿನ ಬಗ್ಗೆ ಗೊಣಗುವ ಧಾಟಿಯಲ್ಲೇ ಹೇಳುತ್ತಾಳೆ. ಆ ದೃಶ್ಯ ಅಮೆರಿಕದ ಪ್ರತಿಯಲ್ಲಿ ಇಲ್ಲ. ಬಾಂಬ್ ಪರೀಕ್ಷೆಗಳು ಹೀಗೇ ನಡೆದರೆ ಇಂಥದ್ದೇ ಇನ್ನೊಂದು ಎಲ್ಲೋ ಏಳಬಹುದು ಅನ್ನುವ ಯಮಾನೆಯ ಕೊನೆಯ ಮಾತೂ ಇಲ್ಲ. ಅದರ ಬದಲು ಜಗತ್ತು ನೆಮ್ಮದಿಯಾಗಿ ಬದುಕಬಹುದು ಅನ್ನುವ ವರದಿಗಾರನ ಮಾತು ಬಂದಿದೆ. ಮೂಲ ಚಿತ್ರ ಅಮೆರಿಕದ ಥಿಯೇಟರುಗಳಲ್ಲಿ ಸರಿಯಾಗಿ ಬಿಡುಗಡೆಯಾಗಿದ್ದು 2004ರಲ್ಲಿ. ಅಂದರೆ ಐವತ್ತು ವರ್ಷ ಅಲ್ಲಿಯ ಜನ ತೀರ್ಪು ಕೊಟ್ಟಿದ್ದು ಬೇರೊಂದು ಸಿನಿಮಾದ ಮೇಲೆ.

ಹಾಗಂತ ಮೂಲ ನೋಡಿದವರೆಲ್ಲ ಮೆಚ್ಚಿದರು ಅಂದುಕೊಳ್ಳಬೇಡಿ. 2004ರಲ್ಲಿ ಅದನ್ನು ನೋಡಿದ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಒಂದೂವರೆ ಸ್ಟಾರ್ ಕೊಟ್ಟು ಕೈತೊಳೆದುಕೊಂಡರು. ಸಿನಿಮಾ ಕೆಟ್ಟದ್ದು, ಆದರೂ ಚರಿತ್ರೆಯಲ್ಲಿ ಜಾಗ ಗಳಿಸಿದೆ ಅನ್ನುವುದು ಅವರ ತೀರ್ಮಾನ. ಇನ್ನೊಂದು ಕಡೆ ಜಪಾನಿನ ದೊಡ್ಡ ನಿರ್ದೇಶಕ ಅಕಿರಾ ಕುರೊಸಾವಾ ತಮಗೆ ಪ್ರಿಯವಾದ ನೂರು ಸಿನಿಮಾಗಳಲ್ಲಿ ಇದನ್ನೂ ಸೇರಿಸಿದ್ದರು. ಹೊಂಡಾ ಅವರ ಗೆಳೆಯ, ಸ್ವಲ್ಪ ಪಕ್ಷಪಾತ ಇದ್ದೀತು ಅನ್ನಿ. ಜಪಾನಿನ ಪತ್ರಿಕೆಗಳಲ್ಲೇ ಆಗ ಕೆಲವರು ಚೆನ್ನಾಗಿ ಬೈದಿದ್ದರು. ಅವರ ಆಕ್ಷೇಪ ನಿಮ್ಮದಕ್ಕಿಂತ ಖಾರವಾದದ್ದು: ಜನರ ನೋವನ್ನು ದುಡ್ಡು ಮಾಡಲು ಬಳಸಿದ್ದಾರೆ ಅನ್ನುವುದು. ಟಿಕೆಟ್ ಕೊಂಡ ಜನ ಮಾತ್ರ ಕೇಳಲಿಲ್ಲ. ಸುಮಾರು 96 ಲಕ್ಷ ಮಂದಿ ಹೋಗಿ ನೋಡಿದರು.

ಯಾವ ನೋವು ಅಂತೀರಾ? 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ 15 ಮೆಗಾಟನ್ ಶಕ್ತಿಯ ಹೈಡ್ರೋಜನ್ ಬಾಂಬ್ ಸಿಡಿಸಿತು. ಅದು ಲೆಕ್ಕ ಹಾಕಿದ್ದಕ್ಕಿಂತ ತುಂಬಾ ಜೋರಾಗಿಯೇ ಸಿಡಿಯಿತು. ಸಾರಿದ್ದ ಅಪಾಯದ ಗಡಿಯ ಹೊರಗೇ ಇದ್ದ ಒಂದು ಜಪಾನಿ ಮೀನುಗಾರಿಕೆ ದೋಣಿಯ ಮೇಲೆ ಬಿಳಿ ಬೂದಿ ಸುರಿಯಿತು. ದೋಣಿಯ ಹೆಸರು ದೈಗೊ ಫುಕುರ್ಯೂ ಮಾರು, ಅದರಲ್ಲಿದ್ದವರು 23 ಜನ. ಯೈಜು ಬಂದರಿಗೆ ವಾಪಸ್ ಬರುವಷ್ಟರಲ್ಲಿ ಎಲ್ಲರಿಗೂ ಕಾಯಿಲೆ. ಅವರು ತಂದ ಟ್ಯೂನಾ ಮೀನು ಮಾರುಕಟ್ಟೆಗೂ ಹೋಗಿತ್ತು. ಇಡೀ ದೇಶ ಮೀನು ತಿನ್ನಲು ಹೆದರಿತು. ಸೆಪ್ಟೆಂಬರ್ 23ರಂದು ದೋಣಿಯ ರೇಡಿಯೊ ಆಪರೇಟರ್ ತೀರಿಕೊಂಡರು. ಗಾಡ್‌ಜಿಲ್ಲಾ ತೆರೆಗೆ ಬಂದದ್ದು ನವೆಂಬರ್ 3ಕ್ಕೆ. ಆರು ವಾರವೂ ಆಗಿರಲಿಲ್ಲ.

ಈಗ ಸಿನಿಮಾದ ಮೊದಲ ದೃಶ್ಯ ನೆನಪಿಸಿಕೊಳ್ಳಿ. ಹಡಗಿನ ಮೇಲೆ ಖಲಾಸಿಗಳು ಆರಾಮಾಗಿ ಕೂತಿದ್ದಾರೆ. ಒಬ್ಬ ಗಿಟಾರ್ ನುಡಿಸುತ್ತಿದ್ದಾನೆ. ಇದ್ದಕ್ಕಿದ್ದಂತೆ ಸಮುದ್ರದಲ್ಲಿ ಕಣ್ಣು ಕುಕ್ಕುವ ಬೆಳಕು. ಹಡಗಿಗೆ ಬೆಂಕಿ. ರೇಡಿಯೊ ಕೋಣೆಯಲ್ಲಿ ಒಬ್ಬ ಸಂದೇಶ ಕಳಿಸುತ್ತಲೇ ಇರುತ್ತಾನೆ. ಪ್ರಾಣಿಯ ಒಂದು ಉಗುರೂ ಕಂಡಿಲ್ಲ. ಟೋಕಿಯೊದ ಥಿಯೇಟರಿನಲ್ಲಿ ಕೂತವರಿಗೆ ಇದೇನು ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕಾಲೇಜು ಹುಡುಗರು ಹೇಳಿದಂತೆ 'ಸಂದೇಶ' ಅಂಟಿಸಿದ್ದಲ್ಲ ಇದು. ಆ ವರ್ಷದ ಪೇಪರ್ ಓದಿದವರಿಗೆ ಗೊತ್ತಿದ್ದದ್ದೇ. ದುಡ್ಡಿಗಾಗಿ ಬಳಸಿದರು ಅನ್ನುವ ಆಕ್ಷೇಪವನ್ನೂ ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನಿರ್ಮಾಪಕ ತೊಮೊಯುಕಿ ತನಾಕಾಗೆ ಇಂಡೋನೇಷ್ಯಾದ ಜೊತೆ ಮಾಡಬೇಕಿದ್ದ ಚಿತ್ರ ಕೈತಪ್ಪಿ ಹೋಗಿತ್ತು. ಅದರ ಜಾಗಕ್ಕೆ ತುರ್ತಾಗಿ ಏನಾದರೂ ಬೇಕಿತ್ತು. ವ್ಯಾಪಾರದ ಲೆಕ್ಕದಲ್ಲೇ ಶುರುವಾದ ಸಿನಿಮಾ ಇದು. ಆದರೆ ನಿರ್ದೇಶನಕ್ಕೆ ಕೂತ ಹೊಂಡಾ ವರ್ಷಗಟ್ಟಲೆ ಸೈನ್ಯದಲ್ಲಿದ್ದು, ಚೀನಾದಲ್ಲಿ ಯುದ್ಧಕೈದಿಯಾಗಿ, ಊರಿಗೆ ಮರಳುವಾಗ ಹಿರೋಶಿಮಾದ ಬೂದಿಯನ್ನು ಕಣ್ಣಾರೆ ಕಂಡು ಬಂದವರು. ಅಣುಬಾಂಬಿನ ಗುಣಗಳನ್ನೇ ಆ ಪ್ರಾಣಿಗೆ ಕೊಟ್ಟೆ ಅಂತ ಮುಂದೆ ಅವರೇ ಹೇಳಿಕೊಂಡಿದ್ದಾರೆ.

ರಬ್ಬರ್ ಸೂಟಿನ ವಿಷಯಕ್ಕೆ ಬರುತ್ತೇನೆ. ತಾಂತ್ರಿಕ ಕೆಲಸ ನೋಡಿಕೊಂಡ ಐಜಿ ತ್ಸುಬುರಾಯಾಗೆ ಅದು ಮೊದಲ ಆಯ್ಕೆ ಆಗಿರಲಿಲ್ಲ. 1933ರ ಕಿಂಗ್ ಕಾಂಗ್ ಥರ ಗೊಂಬೆಯನ್ನು ಒಂದೊಂದೇ ಫ್ರೇಮಿಗೆ ಕದಲಿಸಿ ತೆಗೆಯಬೇಕು ಅನ್ನುವ ಆಸೆ ಇತ್ತು. ಅದಕ್ಕೆ ವರ್ಷಗಳೇ ಬೇಕು, ಕೈಯಲ್ಲಿದ್ದದ್ದು ತಿಂಗಳುಗಳು. ಹಾಗಾಗಿ ಸೂಟಿನೊಳಗೆ ನಟ ಹರುವೊ ನಕಜಿಮಾ ಇಳಿದರು. ಮೊದಲ ಸೂಟು ಸುಮಾರು 100 ಕೆಜಿ. ಸ್ಟುಡಿಯೊ ದೀಪಗಳ ಕಾವಿಗೆ ಒಳಗೆ ಕೆಲವು ನಿಮಿಷ ನಿಲ್ಲುವುದೂ ಕಷ್ಟ. ನಡಿಗೆ ಕಲಿಯಲು ಅವರು ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ನೋಡುತ್ತಾ ನಿಂತಿದ್ದರಂತೆ. ಕರೆಂಟಿನ ಟವರುಗಳು ಕರಗಿ ಬಾಗುವ ದೃಶ್ಯ ಇದೆಯಲ್ಲ, ಅವು ಮೇಣದವು. ಆ ಕೂಗು ಡಬಲ್ ಬಾಸ್ ಅನ್ನುವ ದೊಡ್ಡ ತಂತಿವಾದ್ಯದ್ದು. ತಂತಿ ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿ, ರೆಕಾರ್ಡ್ ಮಾಡಿ ನಿಧಾನಗೊಳಿಸಿದರು. ಎಪ್ಪತ್ತು ವರ್ಷವಾದರೂ ಆ ಕೂಗನ್ನು ಪೂರ್ತಿ ಬಿಟ್ಟುಬಿಡಲು ಯಾರಿಗೂ ಮನಸ್ಸು ಬಂದಿಲ್ಲ. ಸಂಗೀತ ಅಕಿರಾ ಇಫುಕುಬೆಯದು. ಇಂದು ಎಲ್ಲರೂ ಗಾಡ್‌ಜಿಲ್ಲಾದ ಟ್ಯೂನ್ ಅಂತ ಗುನುಗುವುದು, ಈ ಮೊದಲ ಚಿತ್ರದಲ್ಲಿ ಅದರ ಎದುರು ಹೊರಟ ಪಡೆಯವರ ಟ್ಯೂನ್! ಮುಂದೆ ಅದು ಗಾಡ್‌ಜಿಲ್ಲಾದ ಪಾಲಾಯಿತು.

ಕಷ್ಟಪಟ್ಟು ಮಾಡಿದರು ಅಂತ ಸಿನಿಮಾ ಚೆನ್ನಾಗಿ ಆಗಿಬಿಡುವುದಿಲ್ಲ, ಗೊತ್ತು. ಹಗಲಿನಲ್ಲಿ ಈ ಪ್ರಾಣಿ ಸುಳ್ಳಾಗಿ ಕಾಣುತ್ತದೆ. ರಾತ್ರಿಯಲ್ಲಿ ಹಾಗಲ್ಲ. ಟೋಕಿಯೊದ ಗಿಂಜಾ ಬಡಾವಣೆಯ ಬೆಂಕಿಯ ಎದುರು ಕಪ್ಪು ಆಕಾರವಾಗಿ ನಡೆಯುವಾಗ ಸೂಟು ಕಾಣುವುದಿಲ್ಲ, ಭಾರ ಮಾತ್ರ ಕಾಣುತ್ತದೆ. 1945ರ ಮಾರ್ಚ್‌ನಲ್ಲಿ ಒಂದೇ ರಾತ್ರಿಯ ಬಾಂಬ್ ದಾಳಿಗೆ ಟೋಕಿಯೊದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತಿದ್ದರು. ಅದಾಗಿ ಹತ್ತು ವರ್ಷವೂ ತುಂಬದೆ, ಅದೇ ಊರು ಉರಿಯುವುದನ್ನು ಅದೇ ಊರಿನ ಜನ ಟಿಕೆಟ್ ಕೊಟ್ಟು ನೋಡುತ್ತಿದ್ದಾರೆ. ಕಟ್ಟಡದ ಬುಡದಲ್ಲಿ ಮಕ್ಕಳನ್ನು ಅವುಚಿಕೊಂಡ ತಾಯಿಯೊಬ್ಬಳು, ಇನ್ನು ಸ್ವಲ್ಪ ಹೊತ್ತು, ಅಪ್ಪನ ಹತ್ತಿರ ಹೋಗುತ್ತೇವೆ ಅನ್ನುತ್ತಾಳೆ. ಅಪ್ಪ ಎಲ್ಲಿ ಹೋದ ಅಂತ ಸಿನಿಮಾ ಹೇಳುವುದಿಲ್ಲ. ಆ ಕಾಲದ ನೋಡುಗರು ಯುದ್ಧ ಅಂದುಕೊಂಡಿರುತ್ತಾರೆ.

ಪ್ರಾಣಿ ಬರುವುದು ತಡ ಅಂದಿರಲ್ಲ, ನಿಮ್ಮ ಜೊತೆ ನನಗೆ ನಿಜವಾದ ಜಗಳ ಇರುವುದು ಅಲ್ಲೇ. ಪ್ರಾಣಿ ಇಲ್ಲದ ಹೊತ್ತಿನಲ್ಲೇ ಈ ಸಿನಿಮಾ ಜಾಸ್ತಿ ಜೀವಂತವಾಗಿರುವುದು. ಸಂಸತ್ತಿನ ಜಗಳವನ್ನೇ ನೋಡಿ. ಈ ಸುದ್ದಿ ಹೊರಗೆ ಹೋದರೆ ಬೇರೆ ದೇಶಗಳ ಜೊತೆ ಸಂಬಂಧ ಕೆಡುತ್ತದೆ, ಮುಚ್ಚಿಡೋಣ ಅನ್ನುತ್ತಾನೆ ಒಬ್ಬ ಸದಸ್ಯ. ನಿಜವನ್ನು ಹೇಳಲೇಬೇಕು ಅಂತ ಎದ್ದು ನಿಂತು ಕೂಗುವವಳು ಒಬ್ಬ ಸದಸ್ಯೆ. ಜಪಾನಿನ ಹೆಂಗಸರು ಮೊದಲ ಸಲ ವೋಟು ಹಾಕಿ ಆಗಿನ್ನೂ ಒಂಬತ್ತು ವರ್ಷ ತುಂಬಿರಲಿಲ್ಲ! ಕೈಕೈ ಮಿಲಾಯಿಸುವುದೊಂದು ಬಾಕಿ. ಇಲ್ಲಿ ಪ್ರಾಣಿ ಬೇಕೇ ಇಲ್ಲ. ಯಮಾನೆಯ ಪಾತ್ರವೂ ಹಾಗೇ. ತಕಾಶಿ ಶಿಮುರಾ ಆ ಪಾತ್ರ ಮಾಡಿದ್ದಾರೆ. ಅದೇ ವರ್ಷ ಕುರೊಸಾವಾ ಚಿತ್ರದಲ್ಲಿ ಏಳು ಸಮುರಾಯ್‌ಗಳ ಹಿರಿಯನಾಗಿದ್ದವರು ಇವರೇ. ಎಲ್ಲರೂ ಅದನ್ನು ಕೊಲ್ಲಿ ಅನ್ನುವಾಗ ಇವರೊಬ್ಬರೇ, ಅಷ್ಟು ವಿಕಿರಣ ತಿಂದೂ ಅದು ಹೇಗೆ ಬದುಕಿದೆ ಅಂತ ತಿಳಿಯಬೇಕು ಅನ್ನುತ್ತಾರೆ. ಮನೆಗೆ ಬಂದು ದೀಪ ಆರಿಸಿ ಕೂರುತ್ತಾರೆ. ಅವರ ಮಾತು ತಪ್ಪೋ ಸರಿಯೋ ಅಂತ ನಿರ್ದೇಶಕರು ತೀರ್ಪು ಕೊಡುವುದಿಲ್ಲ.

ಆಮೇಲೆ ನರ್ಸ್ ಓದುಗರು ಬರೆದ ಆಸ್ಪತ್ರೆ. ಇಂದಿನ ಸಿನಿಮಾ ಆಗಿದ್ದರೆ ಊರು ಉರಿದ ಮರುಕ್ಷಣ ಮುಂದಿನ ಹೊಡೆದಾಟಕ್ಕೆ ಓಡುತ್ತಿತ್ತು. ಇದು ನಿಲ್ಲುತ್ತದೆ. ನೆಲದ ತುಂಬ ಗಾಯಾಳುಗಳು. ಒಂದು ಮಗುವಿನ ಮುಂದೆ ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿಯುತ್ತಾರೆ, ಅದು ಕಿಟಿಕಿಟಿ ಅನ್ನುತ್ತದೆ. ಹಿಡಿದವರು ತಲೆ ಅಲ್ಲಾಡಿಸುತ್ತಾರೆ. ಮಗು ಮೇಲ್ನೋಟಕ್ಕೆ ಚೆನ್ನಾಗಿಯೇ ಇದೆ. ರಬ್ಬರ್ ಸೂಟನ್ನು ನೋಡಿ ನಕ್ಕವರೂ ಇಲ್ಲಿ ಸುಮ್ಮನಾಗುತ್ತಾರೆ ಅನ್ನುವುದು ನನ್ನ ಅನುಭವ. ನಿಮ್ಮ ತಮ್ಮ ಏನು ಮಾಡಿದ ಅಂತ ನೀವು ಬರೆದಿಲ್ಲ.

ನನಗೆ ಹಿಡಿಸದ್ದೂ ಇದೆ. ಯಮಾನೆಯ ಮಗಳು ಎಮಿಕೊ, ಅವಳ ಪ್ರೇಮಿ ಒಗಾತಾ, ವಿಜ್ಞಾನಿ ಸೆರಿಜಾವಾ ಮೂವರ ಪ್ರೇಮದ ಎಳೆ ಸಪ್ಪೆ. ಸೆರಿಜಾವಾನ ಗುಟ್ಟನ್ನು ಹೊರಹಾಕುವ ತನಕ ಎಮಿಕೊಗೆ ಕಿರುಚುವುದು ಬಿಟ್ಟರೆ ಹೆಚ್ಚು ಕೆಲಸವಿಲ್ಲ. ಕೊನೆಯ ಪರಿಹಾರ ನನಗೆ ಸ್ವಲ್ಪ ಸುಲಭ ಅನ್ನಿಸುತ್ತದೆ. ಸೆರಿಜಾವಾ ಕಂಡುಹಿಡಿದ ಅಸ್ತ್ರ ನೀರಿನ ಆಮ್ಲಜನಕವನ್ನೇ ನಾಶಮಾಡಿ ಜೀವಿಗಳನ್ನು ಕರಗಿಸಿಬಿಡುತ್ತದೆ. ಅದು ಬಾಂಬಿಗಿಂತ ಘೋರ, ಯಾರ ಕೈಗೂ ಸಿಗಬಾರದು ಅಂತ ಅವನು ಕಾಗದಗಳನ್ನು ಸುಡುತ್ತಾನೆ. ಸಮುದ್ರದ ತಳಕ್ಕಿಳಿದು ಆ ಅಸ್ತ್ರದಿಂದ ಪ್ರಾಣಿಯನ್ನು ಕೊಂದು, ತನ್ನನ್ನು ಮೇಲೆಳೆಯಬೇಕಾದ ಹಗ್ಗವನ್ನೂ ತಾನೇ ಕತ್ತರಿಸಿಕೊಳ್ಳುತ್ತಾನೆ. ನಿಜ ಜಗತ್ತಿನಲ್ಲಿ ಬಾಂಬ್ ಮಾಡಿದವರು ಹಾಗೆ ಮಾಡಲಿಲ್ಲ. ಕೇಳಲೇಬೇಕಾದ ಪ್ರಶ್ನೆಯನ್ನು ಎತ್ತಿ, ಒಳ್ಳೆಯವನೊಬ್ಬನನ್ನು ಸಾಯಿಸಿ ಸಿನಿಮಾ ಪಾರಾಗುತ್ತದೆ. ಇನ್ನೊಂದು: ಬಾಂಬ್ ಪರೀಕ್ಷೆ ಮಾಡಿದ್ದು ಅಮೆರಿಕ ಅಂತ ಎಲ್ಲೂ ಬಾಯಿಬಿಡುವುದಿಲ್ಲ. ಅದೇ ಯುದ್ಧದಲ್ಲಿ ಜಪಾನ್ ಬೇರೆಯವರ ಊರುಗಳಿಗೆ ಏನು ಮಾಡಿತು ಅನ್ನುವುದರ ಬಗ್ಗೆಯೂ ಚಕಾರವಿಲ್ಲ. ಸಿನಿಮಾದ ದುಃಖ ನಿಜ, ಆದರೆ ಅದು ತನ್ನ ಮನೆಯೊಳಗಿನ ದುಃಖ ಮಾತ್ರ. ಈಬರ್ಟ್ ಅವರ ಒಂದೂವರೆ ಸ್ಟಾರ್ ಒಪ್ಪದಿದ್ದರೂ ನಾನು ಐದಕ್ಕೆ ಐದು ಕೊಡಲಾರೆ. ನಾಲ್ಕು ಕೊಡುತ್ತೇನೆ, ಅದರಲ್ಲಿ ಎರಡು ಆಸ್ಪತ್ರೆಗೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಪ್ರಾಣಿಯ ಸಿನಿಮಾ ಅಂತ ನೋಡಿದರೆ ನಿಮ್ಮ ಮನೆಯವರ ತೀರ್ಪು ಹೆಚ್ಚುಕಡಿಮೆ ಸರಿ. ಈ ಸಿನಿಮಾ ಮಾಡಿದವರಿಗೆ ಅದಕ್ಕಿಂತ ಆ ಪ್ರಾಣಿಯ ನೆರಳಲ್ಲಿ ಬದುಕಿದವರ ಮೇಲೆ ಗಮನ ಜಾಸ್ತಿ ಇತ್ತು. ನಮ್ಮ ಲೇಖನದಲ್ಲಿ ಸೂಟಿನ ಫೋಟೊವನ್ನೇ ದೊಡ್ಡದಾಗಿ ಹಾಕಿದ್ದೆವು, ಅದನ್ನು ನೋಡಿ ನೀವು ಬೇರೇನೋ ನಿರೀಕ್ಷಿಸಿದಿರಿ ಅಂತ ಕಾಣುತ್ತದೆ.

ಪತ್ರದ ಅಂಚಿನಲ್ಲಿ ಇನ್ನೊಂದು ಕೇಳಿದ್ದೀರಿ: ತಮ್ಮನಿಗೆ ಹತ್ತು ವರ್ಷ, ಅವನಿಗೆ ಯಾವುದು ತೋರಿಸಲಿ ಅಂತ. 1964ರ ಏಪ್ರಿಲ್‌ನಲ್ಲಿ ಬಂದ, ಮೋತ್ರಾ ಅನ್ನುವ ದೊಡ್ಡ ಪತಂಗದ ಜೊತೆ ಗಾಡ್‌ಜಿಲ್ಲಾ ಕಾದಾಡುವ ಚಿತ್ರ ತೋರಿಸಿ. ಅದೂ ಹೊಂಡಾ ಅವರದೇ, ಬಣ್ಣದ್ದು. ಬಿರುಗಾಳಿಗೆ ದಡಕ್ಕೆ ಬಂದ ದೈತ್ಯ ಮೊಟ್ಟೆಯನ್ನು ವ್ಯಾಪಾರಿಯೊಬ್ಬ ಕೊಂಡು ಟಿಕೆಟ್ ಇಟ್ಟು ತೋರಿಸಲು ಹೊರಡುತ್ತಾನೆ. ಹುಡುಗನಿಗೆ ಖುಷಿ, ನಿಮಗೂ ಬೇಜಾರಾಗದು. ನಿದ್ದೆ ಹೋದ ಅಪ್ಪನಿಗೆ 2023ರ 'ಗಾಡ್‌ಜಿಲ್ಲಾ ಮೈನಸ್ ಒನ್' ಹಾಕಿ. ಯುದ್ಧ ಮುಗಿದ ಹೊಸತರ ಜಪಾನ್, ಸಾಯಲು ಹೋಗಿ ಸಾಯದೆ ಬಂದ ಪೈಲಟ್ ಒಬ್ಬನ ಕಥೆ. ದೃಶ್ಯ ತಂತ್ರಕ್ಕೆ ಆಸ್ಕರ್ ಕೂಡ ಬಂತು. ಅದನ್ನೂ ನೋಡುತ್ತಾ ಮಲಗಿದರೆ ಇನ್ನೊಂದು ಪತ್ರ ಹಾಕಿ.

— ಸಂಪಾದಕ