ಮಿಂಚಿ ಮಾಯವಾಗುವುದನ್ನು ಹಿಡಿಯುವುದು ಹೇಗೆ?

ಪ್ರಶ್ನೆ: ಬೇರೆ ಗ್ಯಾಲಕ್ಸಿಗಳಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಸ್ಫೋಟಗಳೂ ಇವೆಯಂತೆ. ಎಲ್ಲಿ, ಯಾವಾಗ ಅಂತ ಮೊದಲೇ ಗೊತ್ತಿರುವುದಿಲ್ಲ, ಅಲ್ವಾ? ಮತ್ತೆ ಹಿಡಿಯುವುದು ಹೇಗೆ? ಅದು ನಮ್ಮ ಆಕಾಶಗಂಗೆಯ ಹೊರಗಿನದು ಅಂತ ಹೇಗೆ ಹೇಳುತ್ತಾರೆ?

ಉತ್ತರ: ಹಿಡಿಯಬೇಕಾದರೆ ಮೊದಲು ಬೇಕಾದ್ದು ಆಕಾಶದ ಹಳೆಯ ಚಿತ್ರ. ಅಮೆರಿಕದ ಪಾಲೊಮಾರ್ ಬೆಟ್ಟದ ಮೇಲೆ ಜ್ವಿಕಿ ಸರ್ವೇ ಎಂಬ ಆಕಾಶ ಸಮೀಕ್ಷೆ 2018ರಿಂದ ಇದೇ ಕೆಲಸ ಮಾಡುತ್ತಿದೆ. ಹೊಸ ಚಿತ್ರದಿಂದ ಅದೇ ಜಾಗದ ಹಳೆಯ ಚಿತ್ರವನ್ನು ಕಂಪ್ಯೂಟರ್ ಕಳೆಯುತ್ತದೆ. ಬದಲಾಗದ್ದೆಲ್ಲ ಅಳಿಸಿಹೋಗಿ ಹೊಸತು ಮಾತ್ರ ಉಳಿಯುತ್ತದೆ.

ಇಂಥ ಚಿತ್ರಗಳನ್ನು ನೋಡಲು ನಾನು ಮೊದಲ ಸಲ ಕೂತದ್ದು ಚೆನ್ನಾಗಿ ನೆನಪಿದೆ. ಪರದೆಯ ಮೇಲೆ ಅಕ್ಕಪಕ್ಕ ಮೂರು ಪುಟ್ಟ ಚೌಕ: ಹೊಸದು, ಹಳೆಯದು, ಕಳೆದು ಉಳಿದದ್ದು. ಮಸುಕಾದ ಗ್ಯಾಲಕ್ಸಿಯ ಅಂಚಿನಲ್ಲಿ ಹಳೆಯ ಚೌಕದಲ್ಲಿಲ್ಲದ ಒಂದು ಚುಕ್ಕಿ. ಎದೆ ಡವಡವ ಅಂತು. ಆದರೆ ಅರ್ಧ ಗಂಟೆ ಬಿಟ್ಟು ತೆಗೆದ ಚಿತ್ರದಲ್ಲಿ ಅದು ಕೊಂಚ ಪಕ್ಕಕ್ಕೆ ಸರಿದಿತ್ತು. ನಮ್ಮದೇ ಸೌರಮಂಡಲದ ಕ್ಷುದ್ರಗ್ರಹ! ಸೂಪರ್‌ನೋವಾ, ಅಂದರೆ ದೂರದ ನಕ್ಷತ್ರದ ಸ್ಫೋಟ, ಆಗಿದ್ದರೆ ಕದಲುತ್ತಿರಲಿಲ್ಲ. ಅವತ್ತಿನಿಂದ ಎರಡನೇ ಚಿತ್ರ ನೋಡದೆ ನಾನು ಯಾವ ಚುಕ್ಕಿಯನ್ನೂ ನಂಬುವುದಿಲ್ಲ.

ಸೂಪರ್‌ನೋವಾ ವಾರಗಟ್ಟಲೆ ಹೊಳೆಯುತ್ತದೆ, ನಾಳೆ ನೋಡಿದರೂ ಸಿಗುತ್ತದೆ. ಗಾಮಾ ಕಿರಣದ ಸ್ಫೋಟ ಹಾಗಲ್ಲ. ಕೆಲವು ಎರಡು ಸೆಕೆಂಡೂ ಇರುವುದಿಲ್ಲ. ಆಕಾಶದ ದೊಡ್ಡ ಪಾಲನ್ನು ಒಟ್ಟಿಗೇ ಕಾಯುವ ಉಪಗ್ರಹ ಬೇಕು, ಸುದ್ದಿ ಕೂಡಲೇ ಎಲ್ಲರಿಗೂ ಮುಟ್ಟಬೇಕು. 2017ರ ಆಗಸ್ಟ್ 17ರಂದು ಹೀಗೇ ಆಯಿತು. ಎರಡು ನ್ಯೂಟ್ರಾನ್ ನಕ್ಷತ್ರ (ಸತ್ತ ನಕ್ಷತ್ರದ ತುಂಬ ಸಾಂದ್ರ ತಿರುಳು) ಡಿಕ್ಕಿಯಾಗಿ ಎದ್ದ ಗುರುತ್ವ ಅಲೆ, ಅಂದರೆ ದೇಶಕಾಲದಲ್ಲೇ ಏಳುವ ಅಲೆ, ಬಂದ 1.7 ಸೆಕೆಂಡಿಗೆ ಗಾಮಾ ಮಿಂಚು ಬಂತು. ಸುಮಾರು 11 ಗಂಟೆಯಲ್ಲಿ ಎನ್‌ಜಿಸಿ 4993 ಗ್ಯಾಲಕ್ಸಿಯಲ್ಲಿ ಹೊಸ ಚುಕ್ಕಿ ಸಿಕ್ಕಿತು. ದೂರ ಸುಮಾರು 13 ಕೋಟಿ ಬೆಳಕಿನ ವರ್ಷ.

ಹೊರಗಿನದು ಅಂತ ಹೇಗೆ ಹೇಳುತ್ತಾರೆ ಎಂಬ ನಿಮ್ಮ ಕೊನೆಯ ಪ್ರಶ್ನೆ ನನಗೆ ಜಾಸ್ತಿ ಇಷ್ಟ. ಗ್ಯಾಲಕ್ಸಿಯೇ ಕಾಣದಿದ್ದರೆ ಏನು ಮಾಡುವುದು? ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದಲ್ಲಿ 2001ರಲ್ಲಿ ದಾಖಲಾಗಿದ್ದ ಒಂದು ರೇಡಿಯೋ ಮಿಂಚನ್ನು ಖಗೋಳ ವಿಜ್ಞಾನಿ ಡಂಕನ್ ಲೋರಿಮರ್ ತಂಡ 2007ರಲ್ಲಿ ಪ್ರಕಟಿಸಿತು. ಮಿಂಚು 5 ಮಿಲಿಸೆಕೆಂಡಿನದು. ಆದರೆ ಹೆಚ್ಚು ಕಂಪನಾಂಕದ ಅಲೆ ಮೊದಲು ಬಂತು, ಕಡಿಮೆಯದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಡವಾಗಿ ಬಂತು. ದಾರಿಯಲ್ಲಿ ಸಿಗುವ ಎಲೆಕ್ಟ್ರಾನ್‌ಗಳು ಅಲೆಯನ್ನು ಹೀಗೆ ತಡೆದು ನಿಧಾನ ಮಾಡುತ್ತವೆ. ಆ ದಿಕ್ಕಿನಲ್ಲಿ ಆಕಾಶಗಂಗೆಯ ಎಲೆಕ್ಟ್ರಾನ್‌ಗಳೆಲ್ಲ ಸೇರಿದರೂ ಇದರ ಹತ್ತನೇ ಒಂದು ಭಾಗದಷ್ಟೂ ತಡ ಮಾಡಲಾರವು. ಉಳಿದ ದಾರಿ ಹೊರಗಿನದೇ ಇರಬೇಕು.

ಈ ಮಿಂಚು ನಿಜಕ್ಕೂ ಆಕಾಶದಿಂದ ಬಂತೇ ಎಂಬ ಅನುಮಾನವೂ ಇತ್ತು. ಅದೇ ದೂರದರ್ಶಕದಲ್ಲಿ ಹೆಚ್ಚುಕಮ್ಮಿ ಅಂಥದೇ ರೇಡಿಯೋ ಸಂಕೇತಗಳು ಸಿಕ್ಕವು. ಆದರೆ ಅವು ಆಕಾಶದ ಬೇರೆ ಬೇರೆ ಜಾಗ ನೋಡುವ ಅದರ 13 ಗ್ರಾಹಕಗಳಲ್ಲೂ ಒಟ್ಟಿಗೆ ಕಾಣುತ್ತಿದ್ದವು. ಆಕಾಶದ ಒಂದು ಬಿಂದುವಿನಿಂದ ಬಂದದ್ದು ಹಾಗೆ ಕಾಣುವುದಿಲ್ಲ. 2015ರಲ್ಲಿ ಕಾರಣ ಸಿಕ್ಕಿತು: ಅಲ್ಲಿನ ಮೈಕ್ರೋವೇವ್ ಒಲೆ. ಅದು ನಿಲ್ಲುವ ಮೊದಲೇ ಬಾಗಿಲು ತೆಗೆದರೆ ಈ ಸಂಕೇತ ಬರುತ್ತಿತ್ತು.

ಇಂಥದೇ ರೇಡಿಯೋ ಮಿಂಚನ್ನು ಮತ್ತೆ ಮತ್ತೆ ಕಳಿಸುವ ಇನ್ನೊಂದು ಮೂಲದ ಜಾಗವನ್ನು 2017ರಲ್ಲಿ ನಿಖರವಾಗಿ ಗುರುತಿಸಿದರು. ಅಲ್ಲಿಗೆ 8 ಮೀಟರಿನ ದೂರದರ್ಶಕ ತಿರುಗಿಸಿದಾಗ ಮಸುಕಾದ ಪುಟ್ಟ ಗ್ಯಾಲಕ್ಸಿಯೊಂದು ಕಂಡಿತು, 200 ಕೋಟಿ ಬೆಳಕಿನ ವರ್ಷಕ್ಕೂ ಆಚೆ.