ಸಿಟ್ಟು ಸರಿ, ಆದರೆ ಮಗು ಎಲ್ಲಿ?

ನಮಸ್ಕಾರ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೋ ಕಾಯ್ದೆ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿ ಹೇಳುತ್ತೇನೆ.

ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು ಬದಲಿಸಿದ್ದೀರಿ, ಒಳ್ಳೆಯದು. ಆದರೆ ಊರು, ಶಾಲೆ, ತರಗತಿ, ಅಪ್ಪನ ಅಂಗಡಿ ಎಲ್ಲ ಹಾಗೇ ಇವೆ. ಆ ಊರಿನವರು ಒಂದು ಪ್ಯಾರಾ ಓದಿದರೆ ಸಾಕು, ಯಾರ ಮಗಳು ಅಂತ ಗೊತ್ತಾಗುತ್ತದೆ. ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ, ಹೀಗೆ ಗುರುತು ಸಿಗುವ ಯಾವುದನ್ನೂ ಮಾಧ್ಯಮದಲ್ಲಿ ಹೇಳಬಾರದು. ಇವನ್ನೆಲ್ಲ ತೆಗೆಯಿರಿ. ನಾಳೆ ಆ ಹುಡುಗಿ ಕಾಲೇಜಿಗೆ ಹೋಗಬೇಕು, ಕೆಲಸ ಹುಡುಕಬೇಕು, ಅಲ್ವಾ?

ಇನ್ನು ಲೇಖನದ ಮುಕ್ಕಾಲು ಭಾಗ ‘ಗಲ್ಲಿಗೇರಿಸಿ’ ಅನ್ನುವ ಕೂಗು. ನಿಮ್ಮ ಸಿಟ್ಟು ನನಗೂ ಇದೆ. ಆದರೆ ಅತಿ ಘೋರ ಪ್ರಕರಣಗಳಿಗೆ ಮರಣದಂಡನೆ 2019ರ ತಿದ್ದುಪಡಿಯಲ್ಲೇ ಬಂದಾಗಿದೆ. ನೀವು ಅದನ್ನು ಹೊಸ ಬೇಡಿಕೆಯಂತೆ ಬರೆದಿದ್ದೀರಿ. 2012ರಲ್ಲಿ ಸಂಸತ್ತು ಈ ಕಾನೂನು ಮಾಡುವಾಗ ಮಗುವಿನ ಭಯದ ಬಗ್ಗೆ ಎಷ್ಟು ಯೋಚಿಸಿತ್ತು ನೋಡಿ. ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದಕ್ಕೆ ಇಷ್ಟವಾದ ಜಾಗದಲ್ಲೋ ಪಡೆಯಬೇಕು. ಆಗ ಪೊಲೀಸರು ಮಫ್ತಿಯಲ್ಲಿರಬೇಕು. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಕೋರ್ಟಿನಲ್ಲಿ ವಕೀಲರು ಮಗುವನ್ನು ನೇರವಾಗಿ ಕೇಳುವಂತಿಲ್ಲ, ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಹೋಗಬೇಕು. ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು.

ನಿಮ್ಮ ಲೇಖನದಲ್ಲೇ ಆ ತಾಯಿ ಹೇಳುತ್ತಾರೆ, ಯೂನಿಫಾರ್ಮ್ ಹಾಕಿದವರು ಠಾಣೆಯಲ್ಲಿ ಕೂರಿಸಿ ಮಗಳನ್ನು ಪ್ರಶ್ನೆ ಮಾಡಿದರು ಅಂತ. ಅಷ್ಟು ದೊಡ್ಡ ಮಾತು ಒಂದು ಸಾಲಿನಲ್ಲಿ ಹಾರಿಹೋಗಿದೆ! ಲೇಖನ ಇರುವುದೇ ಅಲ್ಲಿ. ಮತ್ತೆ ಹೋಗಿ ಅವರ ಜೊತೆ ಕೂತು ಮಾತಾಡಿ. ಮಕ್ಕಳ ಕಲ್ಯಾಣ ಸಮಿತಿಗೆ ಪೊಲೀಸರು 24 ಗಂಟೆಯೊಳಗೆ ತಿಳಿಸಿದ್ದರೇ? ತನಿಖೆ, ವಿಚಾರಣೆಯ ಉದ್ದಕ್ಕೂ ಮಗುವಿನ ಜೊತೆಗಿದ್ದು ನೆರವಾಗಲು ಈ ಕಾಯ್ದೆಯ 2020ರ ನಿಯಮಗಳಲ್ಲಿ ಹೇಳಿರುವ ‘ಬೆಂಬಲ ವ್ಯಕ್ತಿ’ ಯಾರಾದರೂ ಸಿಕ್ಕರೇ? ಮಗು ಎಷ್ಟು ಸಲ ಅದೇ ಕಥೆ ಹೇಳಬೇಕಾಯಿತು?

‘ಹೆತ್ತವರೇ ದೂರು ಕೊಡಬೇಕು’ ಅಂತ ಬರೆದಿರುವುದು ತಪ್ಪು. ವಿಷಯ ಗೊತ್ತಿದ್ದ ಯಾರೇ ಆದರೂ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಆಗಬಹುದು, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೂ ಆಗಬಹುದು. ಓದುಗರಲ್ಲಿ ಮೇಷ್ಟ್ರುಗಳು ಜಾಸ್ತಿ, ಅವರಿಗೆ ಇದು ಗೊತ್ತಿರಬೇಕು. ಗಂಡುಮಕ್ಕಳಿಗೂ ಇದೇ ಕಾನೂನು ಅನ್ನುವುದನ್ನೂ ಸೇರಿಸಿ. ಮಕ್ಕಳ ಸಹಾಯವಾಣಿ 1098 ಅನ್ನು ಮರೆಯಬೇಡಿ.

ಲೇಖನ ಅರ್ಧಕ್ಕೆ ಇಳಿದರೂ ಪರವಾಗಿಲ್ಲ. ತಿದ್ದಿದ ಮೇಲೆ ಮೊದಲು ಆ ತಾಯಿಗೆ ಓದಿ ಹೇಳಿ. ಅವರು ಬೇಡ ಅಂದ ಸಾಲುಗಳನ್ನು ತೆಗೆದು ನನಗೆ ಕಳಿಸಿ.